ಮಾತು ನಿಂತ ಜಾಗ

ರಾಕೆಟ್ಟಿನ ಬುಡದಲ್ಲಿ ಬೆಂಕಿ ಹೊತ್ತಿಕೊಳ್ಳುತ್ತದೆ. ಅದು ನೆಲ ಬಿಟ್ಟು ಏಳುತ್ತದೆ. ಒಂದು ಮಗುವಿನ ಎತ್ತರದಷ್ಟು ಮೇಲೆ ಹೋಗುತ್ತದೆ, ಅಷ್ಟೇ. ಆಮೇಲೆ ಕಾಲು ಸೋತವರು ಕುಸಿದು ಕೂರುವ ಹಾಗೆ ಕೆಳಗಿಳಿಯುತ್ತದೆ. ಮರುಕ್ಷಣ ಪರದೆ ತುಂಬ ಬೆಂಕಿ. ಬೆಂಕಿಯ ಮಧ್ಯೆ ರಾಕೆಟ್ಟಿನ ತುದಿ ವಾಲುತ್ತದೆ, ಬೀಳುತ್ತದೆ.

ಇದಕ್ಕೆ ಸ್ವಲ್ಪ ಮುಂಚೆ ಒಬ್ಬ ಮುದುಕರು ಬರುತ್ತಾರೆ. ಕುರ್ಚಿಯಲ್ಲಿ ಕೂತಿದ್ದಾರೆ. ಬೂದು ಬಣ್ಣದ ಕೋಟು, ತೊಡೆಯ ಮೇಲೆ ಎರಡೂ ಕೈ. ಅವರು ಏನೂ ಹೇಳುವುದಿಲ್ಲ. ಕ್ಯಾಮೆರಾ ಅವರನ್ನು ನೋಡುತ್ತಲೇ ಇರುತ್ತದೆ. ಅವರು ಕ್ಯಾಮೆರಾದ ಪಕ್ಕ ಎಲ್ಲೋ ನೋಡುತ್ತಾರೆ. ಅವರ ಬಾಯಿ ತುಸು ತೆರೆದುಕೊಳ್ಳುವಷ್ಟರಲ್ಲಿ ಚಿತ್ರ ಅಲುಗಾಡಿ, ರಾಕೆಟ್ ಬರುತ್ತದೆ.

ನನಗೆ ಆಗ ಎಂಟೋ ಒಂಬತ್ತೋ ವರ್ಷ. ಇದು ನನ್ನ ಮಾವ ಟಿವಿಯಿಂದ ವಿಎಚ್‌ಎಸ್ ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಿಕೊಂಡಿದ್ದ ಒಂದು ಸಾಕ್ಷ್ಯಚಿತ್ರ. ಶುರುವಿನ ಭಾಗ ಇರಲಿಲ್ಲ. ಕೊನೆಯ ಭಾಗವೂ ಇರಲಿಲ್ಲ. ಹಾಗಾಗಿ ಹೆಸರೂ ಇಲ್ಲ, ಮಾಡಿದವರ ಪಟ್ಟಿಯೂ ಇಲ್ಲ. ರಜೆಯಲ್ಲಿ ಮಾವನ ಮನೆಗೆ ಹೋದಾಗಲೆಲ್ಲ ಅದನ್ನು ಹಾಕಿಸಿಕೊಂಡು ನೋಡುತ್ತಿದ್ದೆ. ಒಂದು ವರ್ಷ ಹೋದಾಗ ಅದರ ಮೇಲೆ ಯಾವುದೋ ಫುಟ್‌ಬಾಲ್ ಪಂದ್ಯ ರೆಕಾರ್ಡ್ ಆಗಿತ್ತು. ಮುದುಕರೂ ಹೋದರು, ರಾಕೆಟ್ಟೂ ಹೋಯಿತು.

ದೊಡ್ಡವನಾದ ಮೇಲೆ ಅದನ್ನು ಹುಡುಕಲು ಹೊರಟೆ. ಸಿಗಲು ಹನ್ನೊಂದು ವರ್ಷ ಬೇಕಾಯಿತು.

ರಾಕೆಟ್ ಯಾವುದು ಅಂತ ಕಂಡುಹಿಡಿಯುವುದು ಕಷ್ಟವಾಗಲಿಲ್ಲ. ಅದು ಅಮೆರಿಕದ ವ್ಯಾನ್‌ಗಾರ್ಡ್ ಟಿವಿ-3. 1957ರ ಡಿಸೆಂಬರ್ 6ರಂದು ಕೇಪ್ ಕೆನವೆರಲ್‌ನಲ್ಲಿ ಹಾರಿಸಲು ಹೋಗಿದ್ದು. ಅದಕ್ಕೆ ಎರಡು ತಿಂಗಳ ಹಿಂದೆ, ಅಕ್ಟೋಬರ್ 4ರಂದು, ಸೋವಿಯತ್ ಒಕ್ಕೂಟ 83.6 ಕಿಲೋ ತೂಕದ ಸ್ಪುಟ್ನಿಕ್ ಉಪಗ್ರಹವನ್ನು ಮೇಲಕ್ಕೆ ಕಳಿಸಿತ್ತು. ನವೆಂಬರ್‌ನಲ್ಲಿ ಲೈಕಾ ಎಂಬ ನಾಯಿಯೂ ಹೋಗಿತ್ತು. ಅಮೆರಿಕದವರಿಗೆ ಆತುರ. ವ್ಯಾನ್‌ಗಾರ್ಡ್ ಒಂದು ಪರೀಕ್ಷಾ ರಾಕೆಟ್, ತುದಿಯಲ್ಲಿದ್ದ ಉಪಗ್ರಹ ಒಂದೂವರೆ ಕಿಲೋದಷ್ಟೂ ತೂಗದ ಒಂದು ಚಿಕ್ಕ ಗೋಳ. ಆದರೆ ಅಷ್ಟರಲ್ಲಿ ಲೋಕದ ಪತ್ರಕರ್ತರೆಲ್ಲ ಅಲ್ಲಿ ಬಂದು ಕೂತಿದ್ದರು. ರಾಕೆಟ್ ಸುಮಾರು 1.2 ಮೀಟರ್ ಏರಿತು. ನೂಕುಬಲ ನಿಂತಿತು. ಕುಸಿಯಿತು.

ನನ್ನನ್ನು ಹಿಡಿದಿಟ್ಟಿದ್ದು ಅದರ ನಂತರದ ಸಂಗತಿ. ಆ ಚಿಕ್ಕ ಗೋಳ ಬೆಂಕಿಯಿಂದ ಆಚೆ ಸಿಡಿದು ಬಿತ್ತು. ಬಿದ್ದಲ್ಲೇ ಬೀಪ್ ಬೀಪ್ ಅಂತ ಸಂಕೇತ ಕಳಿಸುತ್ತಲೇ ಇತ್ತು. ತಾನು ಬಾಹ್ಯಾಕಾಶದಲ್ಲಿದ್ದೇನೆ ಅಂತ ತಿಳಿದುಕೊಂಡ ಹಾಗೆ. ಸೊಟ್ಟಗಾದ ಆ ಗೋಳವನ್ನು ಈಗ ವಾಷಿಂಗ್ಟನ್‌ನ ವಾಯು ಮತ್ತು ಬಾಹ್ಯಾಕಾಶ ಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಅದರ ತಮ್ಮ ವ್ಯಾನ್‌ಗಾರ್ಡ್ 1 ಮುಂದಿನ ಮಾರ್ಚ್ 17ಕ್ಕೆ ಯಶಸ್ವಿಯಾಗಿ ಹೋಯಿತು. 1964ರಲ್ಲಿ ಅದರ ರೇಡಿಯೋ ಸುಮ್ಮನಾಯಿತು. ಆದರೆ ಅದು ಇವತ್ತಿಗೂ ಭೂಮಿಯನ್ನು ಸುತ್ತುತ್ತಿದೆ. ಮನುಷ್ಯ ಮಾಡಿದ ಉಪಗ್ರಹಗಳಲ್ಲಿ ಇಷ್ಟು ಕಾಲದಿಂದ ಮೇಲಿರುವುದು ಬೇರೆ ಯಾವುದೂ ಇಲ್ಲ.

ರಾಕೆಟ್ ಗೊತ್ತಾದ ಮೇಲೆ ಸಾಕ್ಷ್ಯಚಿತ್ರ ಸಿಗುವುದು ಸುಲಭ ಅಂದುಕೊಂಡೆ. ಆ ಮುದುಕರು ವ್ಯಾನ್‌ಗಾರ್ಡ್ ತಂಡದ ಇಂಜಿನಿಯರ್ ಇರಬೇಕು. ಕಣ್ಣೆದುರೇ ತಮ್ಮ ಕೆಲಸ ಸುಟ್ಟುಹೋದದ್ದನ್ನು ನೆನೆದು ಅವರಿಗೆ ಮಾತು ಬಂದಿಲ್ಲ. ಅಷ್ಟು ವರ್ಷ ಕಳೆದರೂ ನೋವು ಹೋಗಿಲ್ಲ. ಚಿಕ್ಕವನಿದ್ದಾಗಲೇ ನಾನು ಹೀಗೆ ಅರ್ಥ ಮಾಡಿಕೊಂಡಿದ್ದೆ. ಅದು ಎಷ್ಟು ಗಟ್ಟಿಯಾಗಿ ಕೂತಿತ್ತು ಅಂದರೆ, ಅದನ್ನು ಪ್ರಶ್ನೆ ಮಾಡಬೇಕು ಅಂತಲೇ ಅನ್ನಿಸಿರಲಿಲ್ಲ.

ಹಾಗಾಗಿ ಮೊದಲ ಏಳೆಂಟು ವರ್ಷ ವ್ಯಾನ್‌ಗಾರ್ಡ್ ಬಗ್ಗೆ ಏನೇನು ಸಿಗುತ್ತದೋ ಎಲ್ಲ ನೋಡಿದೆ. ಅಮೆರಿಕದ ಮೊದಲ ಉಪಗ್ರಹಗಳು, ಎಕ್ಸ್‌ಪ್ಲೋರರ್ 1, ಭೂಮಿಯ ಸುತ್ತ ಇರುವ ವಾನ್ ಅಲೆನ್ ವಿಕಿರಣ ಪಟ್ಟಿ. ಎಷ್ಟೋ ಮುದುಕರನ್ನು ನೋಡಿದೆ. ಎಲ್ಲರೂ ಮಾತಾಡುತ್ತಿದ್ದರು. ಚೆನ್ನಾಗಿ, ನಗುನಗುತ್ತಾ ಮಾತಾಡುತ್ತಿದ್ದರು. ನನ್ನ ಮುದುಕರು ಎಲ್ಲೂ ಇರಲಿಲ್ಲ.

ಈ ಸುತ್ತಾಟದಲ್ಲಿ ನೋಡುವುದನ್ನು ಕಲಿತೆ ಅಂತ ಹೇಳಬಹುದು. ಒಂದು ಉದಾಹರಣೆ ಕೊಡ್ತೀನಿ. 1926ರ ಮಾರ್ಚ್ 16ರಂದು ಮ್ಯಾಸಚೂಸೆಟ್ಸ್‌ನ ಆಬರ್ನ್ ಎಂಬಲ್ಲಿ, ಒಂದು ತೋಟದಲ್ಲಿ, ರಾಬರ್ಟ್ ಗೊಡಾರ್ಡ್ ಜಗತ್ತಿನ ಮೊದಲ ದ್ರವ ಇಂಧನದ ರಾಕೆಟ್ ಹಾರಿಸಿದರು. ಎರಡೂವರೆ ಸೆಕೆಂಡಿನ ಹಾರಾಟ. ಎತ್ತರ ಸುಮಾರು 12 ಮೀಟರ್. ಅವರ ಹೆಂಡತಿ ಎಸ್ತರ್ ಕೈಯಲ್ಲಿ ಚಲನಚಿತ್ರದ ಕ್ಯಾಮೆರಾ ಇತ್ತು. ಆದರೆ ಅದು ಕೀಲಿ ಕೊಡುವ ಕ್ಯಾಮೆರಾ, ಒಂದು ಸಲ ಕೀಲಿ ಕೊಟ್ಟರೆ ಕೆಲವೇ ಸೆಕೆಂಡು ಓಡುತ್ತಿತ್ತು. ಬೆಂಕಿ ಹೊತ್ತಿದ ಮೇಲೂ ರಾಕೆಟ್ ಸ್ವಲ್ಪ ಹೊತ್ತು ನಿಂತಲ್ಲೇ ನಿಂತಿತ್ತು. ಅದು ಏಳುವ ಹೊತ್ತಿಗೆ ಕೀಲಿ ಮುಗಿದಿತ್ತು. ಹಾಗಾಗಿ ಆ ಹಾರಾಟದ ಚಿತ್ರ ಇಲ್ಲ. ಜಗತ್ತಿನಲ್ಲಿ ಎಲ್ಲೂ ಇಲ್ಲ. ಇದು ಗೊತ್ತಾದ ಮೇಲೆ, "1926ರಲ್ಲಿ ಗೊಡಾರ್ಡ್ ಮೊದಲ ರಾಕೆಟ್ ಹಾರಿಸಿದರು" ಎಂಬ ಮಾತಿನ ಜೊತೆ ಪರದೆಯ ಮೇಲೆ ರಾಕೆಟ್ ಹಾರುವುದು ಕಂಡರೆ, ಅದು ನಂತರದ ವರ್ಷಗಳ ಯಾವುದೋ ಪ್ರಯೋಗದ ಚಿತ್ರ ಅಂತ ತಿಳಿಯುತ್ತದೆ. ಮಾತು ಒಂದು ದಿನದ್ದು, ಚಿತ್ರ ಇನ್ನೊಂದು ದಿನದ್ದು. ನೋಡುವವರು ಎರಡನ್ನೂ ಒಂದೇ ಅಂತ ಸೇರಿಸಿಕೊಳ್ಳುತ್ತಾರೆ.

ನಾನೂ ಅದನ್ನೇ ಮಾಡಿದ್ದೆ. ಆದರೆ ಅದು ಅರಿವಿಗೆ ಬರಲು ಇನ್ನೂ ವರ್ಷಗಳಿದ್ದವು.

ಟಿವಿಗಾಗಿ ಮಾಡಿದ ಸಾಕ್ಷ್ಯಚಿತ್ರಗಳು ಯಾಕೆ ಇಷ್ಟು ಸುಲಭವಾಗಿ ಕಳೆದುಹೋಗುತ್ತವೆ? ಸಿನಿಮಾ ಆದರೆ ಅದಕ್ಕೊಂದು ಹೆಸರು, ಪೋಸ್ಟರ್, ವಿಮರ್ಶೆ ಇರುತ್ತದೆ. ಟಿವಿಯಲ್ಲಿ ಬಂದದ್ದು ಒಂದು ರಾತ್ರಿ ಬಂತು, ಹೋಯಿತು. ಹಳೆಯ ಪತ್ರಿಕೆಗಳ ಕಾರ್ಯಕ್ರಮ ಪಟ್ಟಿಯನ್ನು ಮೈಕ್ರೋಫಿಲ್ಮ್‌ನಲ್ಲಿ ವಾರಗಟ್ಟಲೆ ತಿರುಗಿಸಿದ್ದೇನೆ. ಹೆಚ್ಚಿನ ಕಡೆ "ವಿಜ್ಞಾನ ಕಾರ್ಯಕ್ರಮ" ಅಂತ ಇರುತ್ತದೆ, ಮುಂದಿನ ಸಾಲಿಗೆ ಸುದ್ದಿ. ಅದೇ ಚಿತ್ರ ಇನ್ನೊಂದು ದೇಶಕ್ಕೆ ಹೋದಾಗ ಹೆಸರು ಬದಲಾಗುತ್ತದೆ, ನಿರೂಪಕರ ದನಿ ಬದಲಾಗುತ್ತದೆ, ಹತ್ತು ನಿಮಿಷ ಕಡಿಮೆಯಾಗುತ್ತದೆ. ಯಾವುದು ಮೂಲ ಅಂತ ಗೊತ್ತಾಗುವುದಿಲ್ಲ.

ಹಕ್ಕುಗಳ ಗೋಜಲು ಇನ್ನೂ ದೊಡ್ಡದು. ನಾಸಾ ತೆಗೆದ ಚಿತ್ರಗಳು ಅಮೆರಿಕ ಸರ್ಕಾರದವು, ಸಾಮಾನ್ಯವಾಗಿ ಯಾರು ಬೇಕಾದರೂ ಬಳಸಬಹುದು. ಆದರೆ ಬಾಹ್ಯಾಕಾಶದ ಆರಂಭದ ಕಥೆ ಹೇಳಲು ಅದೊಂದೇ ಸಾಲದು, ಅಲ್ವಾ? ಜರ್ಮನಿಯ ಹಳೆಯ ಫಿಲ್ಮ್ ಬೇಕು, ಸೋವಿಯತ್ ಚಿತ್ರಗಳು ಬೇಕು, ಸುದ್ದಿ ಸಂಸ್ಥೆಗಳ ರೀಲುಗಳು ಬೇಕು, ಹಿನ್ನೆಲೆ ಸಂಗೀತ ಬೇಕು. ಇವನ್ನೆಲ್ಲ ಇಷ್ಟು ಸಲ ಪ್ರಸಾರಕ್ಕೆ, ಇಷ್ಟು ವರ್ಷಕ್ಕೆ ಅಂತ ಬಾಡಿಗೆಗೆ ತಂದಿರುತ್ತಾರೆ. ಅವಧಿ ಮುಗಿದ ಮೇಲೆ ಮತ್ತೆ ತೋರಿಸಬೇಕಾದರೆ ಪ್ರತಿಯೊಬ್ಬರನ್ನೂ ಮತ್ತೆ ಹುಡುಕಿ ಒಪ್ಪಿಗೆ ಪಡೆಯಬೇಕು. ಒಂದು ಗಂಟೆಯ ಹಳೆಯ ಕಾರ್ಯಕ್ರಮಕ್ಕೆ ಯಾರು ಅಷ್ಟು ಕೆಲಸ ಮಾಡುತ್ತಾರೆ? ಕಪಾಟಿನಲ್ಲಿಡುತ್ತಾರೆ. ಕಪಾಟು ತುಂಬಿದಾಗ ತೆಗೆಯುತ್ತಾರೆ.

ಒಂದು ಪ್ರಸಾರ ಸಂಸ್ಥೆಯ ಸಂಗ್ರಹದಿಂದ ನನಗೆ ಉತ್ತರ ಬಂದಿತ್ತು. ನಾನು ಕೇಳಿದ ವಿವರಕ್ಕೆ ಹತ್ತಿರದ ಒಂದು ಕಾರ್ಯಕ್ರಮದ ಸಂಖ್ಯೆ ಅವರ ಪಟ್ಟಿಯಲ್ಲಿದೆ, ಆ ಸಂಖ್ಯೆಯ ಟೇಪ್ ಮಾತ್ರ ಜಾಗದಲ್ಲಿಲ್ಲ. ಯಾವಾಗ ಹೋಯಿತು, ಯಾರು ತೆಗೆದರು ಎಂಬ ದಾಖಲೆ ಇಲ್ಲ. ಅವತ್ತು ತುಂಬ ಬೇಜಾರಾಗಿತ್ತು.

ಆದರೆ ಇದಕ್ಕಿಂತ ಎಷ್ಟೋ ದೊಡ್ಡವು ಕಳೆದಿವೆ. ಅಪೊಲೊ 11ರ ಕ್ಯಾಮೆರಾ ಚಂದ್ರನಿಂದ ಸೆಕೆಂಡಿಗೆ ಹತ್ತು ಚಿತ್ರ, ಪ್ರತಿ ಚಿತ್ರಕ್ಕೆ 320 ಗೆರೆ, ಹೀಗೆ ಕಳಿಸುತ್ತಿತ್ತು. ಟಿವಿಗೆ ಹೊಂದುವಂತೆ ಅದನ್ನು ಭೂಮಿಯ ಕೇಂದ್ರಗಳಲ್ಲಿ ಬದಲಾಯಿಸುತ್ತಿದ್ದರು. ಆ ಬದಲಾವಣೆಯಲ್ಲಿ ಚಿತ್ರ ಮಂಕಾಗುತ್ತಿತ್ತು. ಜಗತ್ತು ನೋಡಿದ್ದು ಆ ಮಂಕು ಚಿತ್ರವನ್ನು. ನೇರವಾಗಿ ಬಂದ, ಅದಕ್ಕಿಂತ ಸ್ಪಷ್ಟವಾದ ಸಂಕೇತ ಬೇರೆ ಟೇಪುಗಳಲ್ಲಿತ್ತು. ನಾಸಾ ಅವನ್ನು ಹುಡುಕಿ ಹುಡುಕಿ, ಟೇಪುಗಳ ಕೊರತೆ ಇದ್ದ ಕಾಲದಲ್ಲಿ ಅಳಿಸಿ ಮತ್ತೆ ಬಳಸಿರಬೇಕು ಎಂಬ ತೀರ್ಮಾನಕ್ಕೆ 2009ರಲ್ಲಿ ಬಂತು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಚಿತ್ರದ ಮೇಲೆ ಇನ್ಯಾವುದೋ ಉಪಗ್ರಹದ ಲೆಕ್ಕ ಬಂದು ಕೂತಿದೆ. ಬಿಬಿಸಿಯ ಅಪೊಲೊ 11 ಸ್ಟುಡಿಯೋ ಪ್ರಸಾರದ ಟೇಪುಗಳೂ ಬಹುಪಾಲು ಉಳಿದಿಲ್ಲ. ಇದನ್ನು ಓದಿದಾಗ ಮಾವನ ಫುಟ್‌ಬಾಲ್ ಪಂದ್ಯ ನೆನಪಾಯಿತು. ಅವರ ಮೇಲೆ ಇದ್ದ ಹಳೆಯ ಸಿಟ್ಟು ಅವತ್ತೇ ಹೋಯಿತು.

ಕಳೆದದ್ದರ ಬಗ್ಗೆ ಓದುವಾಗಲೇ ಉಳಿಸಿದವರ ಬಗ್ಗೆಯೂ ತಿಳಿಯಿತು. ನಾಸಾದ ದಾಖಲೆ ಸಂಗ್ರಹ ನೋಡಿಕೊಳ್ಳುತ್ತಿದ್ದ ನ್ಯಾನ್ಸಿ ಇವಾನ್ಸ್ ಕಥೆಯನ್ನು ಇಲ್ಲಿ ಹೇಳಲೇಬೇಕು. 1966 ಮತ್ತು 1967ರಲ್ಲಿ ನಾಸಾ ಐದು ಲೂನಾರ್ ಆರ್ಬಿಟರ್ ನೌಕೆಗಳನ್ನು ಚಂದ್ರನ ಸುತ್ತ ಕಳಿಸಿತು. ಮನುಷ್ಯರನ್ನು ಎಲ್ಲಿ ಇಳಿಸಬೇಕು ಅಂತ ನೋಡುವುದಕ್ಕೆ. ನೌಕೆಯೊಳಗೇ ಫಿಲ್ಮ್ ತೊಳೆದು, ಅದನ್ನು ಗೆರೆಗೆರೆಯಾಗಿ ಓದಿ ಭೂಮಿಗೆ ಕಳಿಸುವ ವ್ಯವಸ್ಥೆ. ಬಂದ ಸಂಕೇತವನ್ನು ದೊಡ್ಡ ದೊಡ್ಡ ಟೇಪುಗಳಲ್ಲಿ ತುಂಬಿದರು. ಅಂಥ ಟೇಪುಗಳು ಸುಮಾರು 1,500 ಇದ್ದವು. ಅವನ್ನು ಎಸೆಯುವ ಪ್ರಸಂಗ ಬಂದಾಗ ನ್ಯಾನ್ಸಿ ಇವಾನ್ಸ್ ಬೇಡ ಅಂದರು. ಟೇಪ್ ಉಳಿದರೆ ಸಾಲದು, ಅದನ್ನು ಓದುವ ಯಂತ್ರವೂ ಬೇಕು. ಅದು ಆಂಪೆಕ್ಸ್ ಎಫ್‌ಆರ್-900, ಫ್ರಿಜ್‌ನಷ್ಟು ದೊಡ್ಡ ಯಂತ್ರ, ಲೋಕದಲ್ಲಿ ಕೆಲವೇ ಉಳಿದಿದ್ದವು. ಆ ಯಂತ್ರಗಳನ್ನು ಅವರು ತಮ್ಮ ಮನೆಯ ಗ್ಯಾರೇಜಿನಲ್ಲಿಟ್ಟು ವರ್ಷಗಟ್ಟಲೆ ಕಾದರು. ಕೊನೆಗೆ ಡೆನಿಸ್ ವಿಂಗೋ ಮತ್ತು ಕೀತ್ ಕೌವಿಂಗ್ ಎಂಬವರು ಮುಂದೆ ಬಂದರು. ನಾಸಾದ ಏಮ್ಸ್ ಕೇಂದ್ರದ ಆವರಣದಲ್ಲಿ ಮುಚ್ಚಿದ್ದ ಒಂದು ಮೆಕ್‌ಡೊನಾಲ್ಡ್ಸ್ ಕಟ್ಟಡದಲ್ಲಿ ಯಂತ್ರಗಳನ್ನು ರಿಪೇರಿ ಮಾಡಿದರು. 1966ರ ಆಗಸ್ಟ್ 23ರಂದು ತೆಗೆದ, ಚಂದ್ರನ ಅಂಚಿನ ಮೇಲೆ ಭೂಮಿ ಕಾಣುವ ಚಿತ್ರ 2008ರ ನವೆಂಬರ್‌ನಲ್ಲಿ ಮತ್ತೆ ಹೊರಬಂತು. ಹಿಂದೆ ಯಾರೂ ಕಂಡಿರದಷ್ಟು ಸ್ಪಷ್ಟವಾಗಿ.

ಆ ಟೇಪುಗಳ ಬೆಲೆ ಗೊತ್ತಾಗಲು ನಲವತ್ತು ವರ್ಷ ಬೇಕಾಯಿತು. ಅಲ್ಲಿಯ ತನಕ ಅವು ಒಬ್ಬ ಹೆಂಗಸಿನ ಹಟದ ಮೇಲೆ ನಿಂತಿದ್ದವು. ಇದನ್ನು ಓದಿದ ಮೇಲೆ ನಾನು ಸಂಸ್ಥೆಗಳಿಗೆ ಬರೆಯುವುದನ್ನು ಕಡಿಮೆ ಮಾಡಿ ಮನುಷ್ಯರನ್ನು ಹುಡುಕಲು ಶುರು ಮಾಡಿದೆ. ಹಳೆಯ ಕ್ಯಾಮೆರಾಮನ್‌ಗಳು, ಸಂಕಲನಕಾರರು, ಧ್ವನಿ ಕೆಲಸ ಮಾಡಿದವರು. ತಮ್ಮ ಕೆಲಸದ ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಂಡಿರಬಹುದಾದವರು.

ಆದರೆ ಬೀಗ ತೆರೆದದ್ದು ನಾನು ನಿರೀಕ್ಷಿಸದ ಕಡೆಯಿಂದ. ಮಾವನಿಗೆ ಎಂಬತ್ತು ದಾಟಿದ ಮೇಲೆ ಒಂದು ಸಂಜೆ ಸುಮ್ನೆ ಕೇಳಿದೆ. ಆ ರಾಕೆಟ್ ಕ್ಯಾಸೆಟ್ ನೆನಪಿದೆಯಾ ಅಂತ. ಇತ್ತು. ಯಾಕೆ ಅಷ್ಟು ತುಂಡುತುಂಡಾಗಿತ್ತು ಅಂತ ಕೇಳಿದೆ. ಅವರು ಹೇಳಿದ್ದು ಇಷ್ಟು: "ಕ್ಯಾಸೆಟ್ಟಿನಲ್ಲಿ ಜಾಗ ಜಾಸ್ತಿ ಇರಲಿಲ್ಲ. ನಿಂಗೆ ರಾಕೆಟ್ ಇಷ್ಟ ಅಂತ ರೆಕಾರ್ಡ್ ಮಾಡಿದ್ದು. ಯಾರಾದ್ರೂ ಕೂತು ಮಾತಾಡೋಕೆ ಶುರು ಮಾಡಿದ್ರೆ ನಿಲ್ಲಿಸ್ತಿದ್ದೆ. ಮಾತು ನಿಂತ್ರೆ ಮತ್ತೆ ಒತ್ತುತ್ತಿದ್ದೆ."

ಮಾತು ನಿಂತರೆ ಮತ್ತೆ ಒತ್ತುತ್ತಿದ್ದೆ.

ನಾನು ಸ್ವಲ್ಪ ಹೊತ್ತು ಏನೂ ಹೇಳದೆ ಕೂತೆ. ಮೂವತ್ತು ವರ್ಷ ನಾನು ತಲೆಯಲ್ಲಿಟ್ಟುಕೊಂಡ ದೃಶ್ಯ ಹುಟ್ಟಿದ್ದು ಹೀಗೆ. ಆ ಮುದುಕರು ಮಾತಾಡುತ್ತಿದ್ದರು. ಮಾವ ನಿಲ್ಲಿಸಿದ್ದರು. ಮುದುಕರು ಸುಮ್ಮನಾದರು. ಮಾತು ಮುಗಿಯಿತು ಅಂತ ಮಾವ ಗುಂಡಿ ಒತ್ತಿದರು. ಮುಗಿದಿರಲಿಲ್ಲ. ಮುದುಕರು ಬಾಯಿ ತೆರೆದ ತಕ್ಷಣ ಮತ್ತೆ ನಿಲ್ಲಿಸಿದರು. ಮುಂದೆ ಎಷ್ಟೋ ನಿಮಿಷಗಳ ನಂತರ ರಾಕೆಟ್ ಬಂದಾಗ ಒತ್ತಿದರು. ಹಾಗಾದರೆ ಮುದುಕರಿಗೂ ವ್ಯಾನ್‌ಗಾರ್ಡ್‌ಗೂ ಸಂಬಂಧ ಇರಬೇಕಾಗಿಯೇ ಇಲ್ಲ. ಎರಡನ್ನೂ ಅಂಟಿಸಿದ್ದು ಮಾವನ ಬೆರಳು. ಅದಕ್ಕೆ ಅರ್ಥ ಕೊಟ್ಟಿದ್ದು ನಾನು.

ಹುಡುಕಾಟ ಆ ಸಂಜೆ ಬದಲಾಯಿತು. ವ್ಯಾನ್‌ಗಾರ್ಡ್ ಬಗೆಗಿನ ಚಿತ್ರವನ್ನು ಬಿಟ್ಟು, ವ್ಯಾನ್‌ಗಾರ್ಡ್ ಎಲ್ಲೋ ಒಂದು ಕಡೆ ಬಂದು ಹೋಗುವ ದೊಡ್ಡ ಚಿತ್ರವನ್ನು ಹುಡುಕತೊಡಗಿದೆ. ಗೊತ್ತಿದ್ದವರಿಗೆಲ್ಲ ಹೊಸದಾಗಿ ಬರೆದೆ. ಈ ಸಲ ರಾಕೆಟ್ಟಿನ ಮಾತೇ ಎತ್ತಲಿಲ್ಲ. ಬೂದು ಕೋಟಿನ ಒಬ್ಬ ಮುದುಕರು, ತೊಡೆಯ ಮೇಲೆ ಕೈ, ತುಂಬ ಹೊತ್ತು ಸುಮ್ಮನಿರುತ್ತಾರೆ, ಇಷ್ಟೇ ಬರೆದೆ.

ಮೂರು ತಿಂಗಳ ನಂತರ ನಿವೃತ್ತ ಸಹಾಯಕ ಸಂಕಲನಕಾರರೊಬ್ಬರಿಂದ ಉತ್ತರ ಬಂತು. ಎರಡೇ ಸಾಲು. "ಆ ಮೌನ ನನಗೆ ಗೊತ್ತು. ಅದನ್ನು ಇಡಬೇಕೋ ಕತ್ತರಿಸಬೇಕೋ ಅಂತ ನಾವು ಎರಡು ದಿನ ವಾದ ಮಾಡಿದ್ದೆವು."

ಅವರ ಹೆಸರನ್ನೂ, ಸಾಕ್ಷ್ಯಚಿತ್ರದ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಅವರ ಬಳಿ ಇರುವುದು ಕೆಲಸದ ಪ್ರತಿ. ಹಕ್ಕು ಈಗ ಯಾರದ್ದು ಅಂತ ಅವರಿಗೂ ಸ್ಪಷ್ಟವಿಲ್ಲ. ಹೇಳುವುದಿಲ್ಲ ಅಂತ ಮಾತು ಕೊಟ್ಟೇ ನಾನು ನೋಡಿದ್ದು. ಓದುವ ನಿಮಗೆ ಇದು ಕಷ್ಟವಾಗಬಹುದು, ಕ್ಷಮಿಸಿ. ಕೊಟ್ಟ ಮಾತು ಕೊಟ್ಟದ್ದೇ.

ಅದು ಯು-ಮ್ಯಾಟಿಕ್ ಟೇಪ್. ವಿಎಚ್‌ಎಸ್‌ಗಿಂತ ಅಗಲವಾದದ್ದು, 1970ರ ದಶಕದಿಂದ ಟಿವಿಯವರು ಬಳಸುತ್ತಿದ್ದದ್ದು. ನೇರವಾಗಿ ಯಂತ್ರಕ್ಕೆ ಹಾಕುವ ಹಾಗಿರಲಿಲ್ಲ. ಹಳೆಯ ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವ ಹೀರಿಕೊಂಡು ಮೆತ್ತಗಾಗುತ್ತದೆ. ಹಾಗೇ ಓಡಿಸಿದರೆ ಟೇಪ್ ಯಂತ್ರದ ತಲೆಗೆ ಅಂಟಿಕೊಳ್ಳುತ್ತದೆ, ಪುಡಿ ಕಿತ್ತು ಬರುತ್ತದೆ. ಪುಡಿಯ ಜೊತೆ ಚಿತ್ರವೂ ಬರುತ್ತದೆ. ಇದಕ್ಕೆ ಇರುವ ಉಪಾಯ ಕೇಳಿದರೆ ಭಯವಾಗುತ್ತದೆ: ಟೇಪನ್ನು ಬೇಯಿಸುವುದು. ಸುಮಾರು 50 ಡಿಗ್ರಿಯ ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟರೆ ತೇವ ಹೋಗಿ ಅಂಟು ಸ್ವಲ್ಪ ಕಾಲ ಗಟ್ಟಿಯಾಗುತ್ತದೆ. ಕೆಲವು ವಾರ ಅಷ್ಟೇ. ಆ ಅವಧಿಯಲ್ಲಿ ಓಡಿಸಿ ನಕಲು ಮಾಡಿಕೊಳ್ಳಬೇಕು. ಅವರಿಗೆ ಪರಿಚಯದ ತಂತ್ರಜ್ಞರೊಬ್ಬರು ಅದನ್ನು ಮಾಡಿಕೊಟ್ಟರು. ಟೇಪ್ ತಿರುಗಲು ಶುರುವಾದಾಗ ಮೂವರೂ ಉಸಿರು ಬಿಗಿಹಿಡಿದು ನಿಂತಿದ್ದೆವು. ಮೊದಲು ಹಿಮದಂಥ ಚುಕ್ಕೆಗಳು. ಆಮೇಲೆ ಬಣ್ಣದ ಪಟ್ಟಿಗಳು. ಆಮೇಲೆ ಚಿತ್ರ. ಸಂಕಲನದ ಪ್ರತಿ ಆದ್ದರಿಂದ ಪರದೆಯ ಕೆಳಗೆ ಗಂಟೆ, ನಿಮಿಷ, ಸೆಕೆಂಡಿನ ಅಂಕಿಗಳು ಓಡುತ್ತಿದ್ದವು.

ಚಿತ್ರ ತುಂಬ ಚೆನ್ನಾಗಿದೆ. ನಿಧಾನ ಇದೆ, ಆದರೆ ಆ ನಿಧಾನ ಬೇಕು. ರಷ್ಯದ ಕಲುಗಾ ಪಟ್ಟಣದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾ, ಕಿವಿ ಸರಿಯಾಗಿ ಕೇಳದ ಸಿಯೋಲ್ಕೊವ್‌ಸ್ಕಿ ರಾಕೆಟ್ಟಿನ ಗಣಿತ ಬರೆದ ಕಥೆಯಿಂದ ಶುರುವಾಗುತ್ತದೆ. 1946ರ ಅಕ್ಟೋಬರ್ 24ರ ಚಿತ್ರ ಬರುತ್ತದೆ. ಅಮೆರಿಕದ ವೈಟ್ ಸ್ಯಾಂಡ್ಸ್‌ನಿಂದ ಹಾರಿಸಿದ, ಯುದ್ಧಕಾಲದ ಜರ್ಮನಿಯ ವಿ-2 ರಾಕೆಟ್ಟಿನಲ್ಲಿದ್ದ ಕ್ಯಾಮೆರಾ ಸುಮಾರು 105 ಕಿಲೋಮೀಟರ್ ಎತ್ತರದಿಂದ ಭೂಮಿಯನ್ನು ತೆಗೆದದ್ದು. ಕ್ಯಾಮೆರಾ ನೆಲಕ್ಕೆ ಬಡಿದು ಪುಡಿಯಾಯಿತು. ಉಕ್ಕಿನ ಡಬ್ಬಿಯಲ್ಲಿದ್ದ ಫಿಲ್ಮ್ ಉಳಿಯಿತು. ಕಪ್ಪು ಆಕಾಶ, ಬಾಗಿದ ಅಂಚು, ಮೋಡಗಳು. ಬಾಹ್ಯಾಕಾಶದಿಂದ ಕಂಡ ಭೂಮಿಯ ಮೊದಲ ಚಿತ್ರ ಅದು.

ಹಳೆಯದಾದ್ದರಿಂದ ಅದರಲ್ಲಿ ತಪ್ಪುಗಳಿವೆ. ಲೈಕಾ ಕಕ್ಷೆಯಲ್ಲಿ ಕೆಲವು ದಿನ ಬದುಕಿತ್ತು ಅಂತ ನಿರೂಪಕರು ಶಾಂತವಾಗಿ ಹೇಳುತ್ತಾರೆ. ಆಗ ಎಲ್ಲರೂ ನಂಬಿದ್ದು ಅದನ್ನೇ. ಹಾರಿದ ಕೆಲವೇ ಗಂಟೆಗಳಲ್ಲಿ ಶಾಖ ಮತ್ತು ಭಯದಿಂದ ಅದು ಸತ್ತಿತ್ತು ಅಂತ ರಷ್ಯದ ವಿಜ್ಞಾನಿ ದಿಮಿತ್ರಿ ಮಲಶೆಂಕೊವ್ ಹೇಳಿದ್ದು 2002ರಲ್ಲಿ. ಸೋವಿಯತ್‌ನವರು ಚಂದ್ರನಿಗೆ ಮನುಷ್ಯರನ್ನು ಕಳಿಸಲು ಎನ್-1 ಎಂಬ ದೈತ್ಯ ರಾಕೆಟ್ ಕಟ್ಟಿದ್ದರು, ನಾಲ್ಕು ಸಲ ಹಾರಿಸಿ ನಾಲ್ಕು ಸಲವೂ ಸೋತಿದ್ದರು. ಅದನ್ನು ಅವರು ಬಹಿರಂಗವಾಗಿ ಒಪ್ಪಿಕೊಂಡಿದ್ದು 1989ರಲ್ಲಿ. ಈ ಚಿತ್ರ ಅದಕ್ಕೂ ಮುಂಚಿನದು. ಹಾಗಾಗಿ ಸೋವಿಯತ್ ಕಥೆ ಒಂದು ಕಡೆ ಬಂದು ಇದ್ದಕ್ಕಿದ್ದಂತೆ ಮುಗಿಯುತ್ತದೆ. ಇವತ್ತಿನ ಯಾವ ಪುಸ್ತಕ ತೆಗೆದರೂ ಇದಕ್ಕಿಂತ ಸರಿಯಾದ ಮಾಹಿತಿ ಸಿಗುತ್ತದೆ. ಮಾಹಿತಿಗಾಗಿ ಇದನ್ನು ಹುಡುಕುವ ಅಗತ್ಯವೇ ಇರಲಿಲ್ಲ.

ಮೂವತ್ತಾರನೇ ನಿಮಿಷಕ್ಕೆ ಬೂದು ಕೋಟು ಕಂಡಿತು.

ಅವರು ಜರ್ಮನಿಯವರು. ಎರಡನೇ ಮಹಾಯುದ್ಧದ ನಂತರ ಅಮೆರಿಕಕ್ಕೆ ಬಂದ ಇಂಜಿನಿಯರ್. ಮೊದಲು ಖುಷಿಯಾಗಿ ಮಾತಾಡುತ್ತಾರೆ. ಜರ್ಮನಿಯ ರಾಕೆಟ್ ಕೇಂದ್ರವಿದ್ದ ಪೀನೆಮುಂಡೆಯ ಸಮುದ್ರ ತೀರ, 1942ರ ಅಕ್ಟೋಬರ್ 3ರಂದು ರಾಕೆಟ್ ಮೊದಲ ಸಲ ಸರಿಯಾಗಿ ಹಾರಿದ್ದು, ಎಲ್ಲರೂ ಅತ್ತದ್ದು. ಮುಖ ಅರಳಿದೆ. ಆಗ ಕ್ಯಾಮೆರಾದ ಹಿಂದಿನಿಂದ ಒಂದು ಹೆಣ್ಣು ದನಿ ಕೇಳುತ್ತದೆ. ಮಿಟೆಲ್‌ವರ್ಕ್‌ನ ಸುರಂಗಗಳಲ್ಲಿ ಕೆಲಸ ಮಾಡುತ್ತಿದ್ದವರನ್ನು ನೀವು ನೋಡಿದ್ದಿರಾ?

ಮಿಟೆಲ್‌ವರ್ಕ್ ಅಂದರೆ ವಿ-2 ರಾಕೆಟ್‌ಗಳನ್ನು ಕಟ್ಟಿದ ನೆಲದಡಿಯ ಕಾರ್ಖಾನೆ. ಪೀನೆಮುಂಡೆಯ ಮೇಲೆ ಬಾಂಬು ಬಿದ್ದ ಮೇಲೆ, 1943ರಲ್ಲಿ, ಉತ್ಪಾದನೆಯನ್ನು ಬೆಟ್ಟದೊಳಗೆ ಸಾಗಿಸಿದರು. ಕೆಲಸಕ್ಕೆ ಕೈದಿಗಳನ್ನು ತಂದರು. ಮಿಟೆಲ್‌ಬೌ-ಡೋರಾ ಎಂಬ ನಾಜಿ ಸೆರೆಶಿಬಿರದವರು. ಮೊದಲ ತಿಂಗಳುಗಳಲ್ಲಿ ಕೈದಿಗಳು ಸುರಂಗದಲ್ಲೇ ಮಲಗಬೇಕಿತ್ತು. ಬೆಳಕಿಲ್ಲ, ಗಾಳಿಯಿಲ್ಲ, ಬಂಡೆ ಒಡೆಯುವ ಧೂಳು. ಆ ಶಿಬಿರದ ಮೂಲಕ ಸುಮಾರು 60,000 ಜನ ಹಾದುಹೋದರು. ಸುಮಾರು 20,000 ಜನ ಸತ್ತರು. ಆ ರಾಕೆಟ್ ಬಿದ್ದು ಸತ್ತವರಿಗಿಂತ ಅದನ್ನು ಕಟ್ಟುವಾಗ ಸತ್ತವರೇ ಜಾಸ್ತಿ. ನಮ್ಮ ಭೂಮಿಯ ಮೊದಲ ಚಿತ್ರ ತಂದುಕೊಟ್ಟದ್ದೂ ಒಂದು ವಿ-2. ಆ ಕಾರ್ಖಾನೆಯಲ್ಲಿ ಉತ್ಪಾದನೆ ನೋಡಿಕೊಂಡಿದ್ದ ಆರ್ಥರ್ ರುಡಾಲ್ಫ್ ಮುಂದೆ ಅಮೆರಿಕದಲ್ಲಿ ಸ್ಯಾಟರ್ನ್-5 ಯೋಜನೆಯ ಮುಖ್ಯಸ್ಥರಾದರು. ಮನುಷ್ಯರನ್ನು ಚಂದ್ರನಿಗೆ ಒಯ್ದ ರಾಕೆಟ್ ಅದು. ಯುದ್ಧಕಾಲದ ಆ ಕೆಲಸದ ಬಗ್ಗೆ ತನಿಖೆ ನಡೆದು, ಅವರು ಅಮೆರಿಕ ಬಿಟ್ಟುಹೋಗಿದ್ದು 1984ರಲ್ಲಿ. ಚಿತ್ರ ಮಾಡುವಾಗ ಅದು ಇನ್ನೂ ಹಸಿ ಸುದ್ದಿ.

ಪ್ರಶ್ನೆ ಮುಗಿಯಿತು. ಮುದುಕರ ಮುಖದಲ್ಲಿದ್ದ ಖುಷಿ ಒಂದೇ ಸಲಕ್ಕೆ ಹೋಗಲಿಲ್ಲ. ಸ್ವಲ್ಪ ಸ್ವಲ್ಪವಾಗಿ ಹೋಯಿತು. ಕೈ ತೊಡೆಯ ಮೇಲೆ ಬಂತು. ಕಣ್ಣು ಕ್ಯಾಮೆರಾದ ಪಕ್ಕಕ್ಕೆ ಹೋಯಿತು. ಕೆಳಗೆ ಅಂಕಿಗಳು ಓಡುತ್ತಿದ್ದವು. ಹನ್ನೆರಡನೇ ಸೆಕೆಂಡಿನಿಂದ ಇಪ್ಪತ್ತಮೂರನೇ ಸೆಕೆಂಡಿನ ತನಕ, ಹನ್ನೊಂದು ಸೆಕೆಂಡು. ಆಮೇಲೆ ಬಾಯಿ ತೆರೆಯಿತು. ಮಾವ ನಿಲ್ಲಿಸಿದ ಜಾಗ ಇದೇ.

"ನೋಡಿದ್ದೆ," ಅಂದರು. "ದಿನಾ ನೋಡುತ್ತಿದ್ದೆ."

ಅಷ್ಟೇ. ಮುಂದೆ ಏನೂ ಹೇಳಲಿಲ್ಲ. ಚಿತ್ರ ಬೇರೆ ಕಡೆ ಹೋಯಿತು. ವ್ಯಾನ್‌ಗಾರ್ಡ್ ಬಂದದ್ದು ಹದಿನೇಳು ನಿಮಿಷದ ನಂತರ.

ಸಂಕಲನದ ದಿನಗಳ ಬಗ್ಗೆ ಆ ನಿವೃತ್ತ ಸಂಕಲನಕಾರರು ಆಮೇಲೆ ಹೇಳಿದರು. ಆ ಕಾಲದಲ್ಲಿ ಟಿವಿಯಲ್ಲಿ ಹನ್ನೊಂದು ಸೆಕೆಂಡು ಏನೂ ನಡೆಯದಿದ್ದರೆ ನೋಡುವವರು ಚಾನೆಲ್ ಬದಲಿಸುತ್ತಾರೆ ಎಂಬ ಹೆದರಿಕೆ. ಮೂರು ಸೆಕೆಂಡು ಸಾಕು ಅಂತ ಕೆಲವರು. ಪೂರ್ತಿ ಬೇಕು ಅಂತ ಕೆಲವರು. "ಕತ್ತರಿಸಿದ್ದರೆ ಅವರು ಸಲೀಸಾಗಿ ಹೇಳಿಬಿಟ್ಟ ಹಾಗೆ ಕಾಣುತ್ತಿತ್ತು. ಅವರು ಸಲೀಸಾಗಿ ಹೇಳಲಿಲ್ಲ. ಅದನ್ನು ಸುಳ್ಳು ಮಾಡುವ ಹಕ್ಕು ನಮಗಿರಲಿಲ್ಲ," ಅಂದರು.

ನನಗೆ ಬೇಕಾಗಿದ್ದದ್ದು ಇದು. ಡೋರಾ ಬಗ್ಗೆ ಪುಸ್ತಕಗಳಿವೆ, ಸಂಖ್ಯೆಗಳಿವೆ, ಬದುಕಿ ಉಳಿದವರ ಹೇಳಿಕೆಗಳಿವೆ. ನ್ಯಾಯವಾಗಿ ನೋಡಿದರೆ ಆ ಕೈದಿಗಳ ಮಾತೇ ಮೊದಲು ಕೇಳಬೇಕಾದದ್ದು, ಈ ಇಂಜಿನಿಯರ್‌ದಲ್ಲ. ನಾನು ಅದನ್ನು ಮರೆಯುವುದಿಲ್ಲ. ಆದರೆ ಸಂತೋಷದಲ್ಲಿದ್ದ ಒಂದು ಮುಖ ಆ ಪ್ರಶ್ನೆಗೆ ಹೇಗೆ ಬದಲಾಯಿತು ಎಂಬುದು ಬೇರೆ ಎಲ್ಲೂ ಇಲ್ಲ. ಅದನ್ನು ಬರೆದಿಡಲು ಆಗುವುದಿಲ್ಲ. ನಾನು ಈಗ ಬರೆಯಲು ನೋಡಿದೆ, ಆಗಲಿಲ್ಲ ಅಂತ ನಿಮಗೇ ಗೊತ್ತಾಗಿರುತ್ತದೆ. ಅದು ಆ ಟೇಪಿನಲ್ಲಿ ಮಾತ್ರ ಇದೆ. ಲೈಕಾ ಬಗ್ಗೆ ತಪ್ಪು ಹೇಳುವ, ಎನ್-1 ಬಗ್ಗೆ ಏನೂ ಹೇಳದ ಅದೇ ಟೇಪಿನಲ್ಲಿ.

ಚಿಕ್ಕವನಿದ್ದಾಗ ನಾನು ಓದಿಕೊಂಡ ಅರ್ಥ ಪೂರ್ತಿ ತಪ್ಪಾಗಿತ್ತು. ಸುಟ್ಟುಹೋದ ರಾಕೆಟ್‌ಗಾಗಿ ಒಬ್ಬರು ಮರುಗುತ್ತಿದ್ದಾರೆ ಅಂದುಕೊಂಡಿದ್ದೆ. ಆ ಬೆಂಕಿಗೂ ಅವರಿಗೂ ಸಂಬಂಧವೇ ಇರಲಿಲ್ಲ. ಆದರೂ ಆ ಮೌನದಲ್ಲಿ ಏನೋ ಇದೆ, ಮಾತಾಡಲಾಗದ್ದು ಇದೆ ಎಂಬುದು ಒಂಬತ್ತು ವರ್ಷದ ಹುಡುಗನಿಗೂ ತಿಳಿದಿತ್ತು. ಅಷ್ಟು ಮಾತ್ರ ಸರಿ ಇತ್ತು.

ಹೊಸ ಪ್ರತಿಯನ್ನು ಸಂಕಲನಕಾರರ ಮನೆಯಲ್ಲೇ ಬಿಟ್ಟು ಬಂದೆ. ಆ ಹನ್ನೊಂದು ಸೆಕೆಂಡಿನ ಹಿಂದೆ ಮುಂದೆ ಸೇರಿಸಿ ಒಂದು ಎರಡು ನಿಮಿಷದ ತುಂಡನ್ನು ಮಾತ್ರ, ಮಾವನಿಗೆ ತೋರಿಸಲು, ಅವರ ಒಪ್ಪಿಗೆ ಪಡೆದು ತಂದಿದ್ದೆ.

ಮಾವನಿಗೆ ಈಗ ಕಣ್ಣು ಮಂಜು. ಪರದೆಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು. ಪೀನೆಮುಂಡೆಯ ಮಾತು ಬಂತು. ಪ್ರಶ್ನೆ ಬಂತು. ಮೌನ ಬಂತು. ಮಾವನ ಬೆರಳು ಕುರ್ಚಿಯ ಕೈ ಮೇಲೆ ಅಲ್ಲಾಡಲಿಲ್ಲ. "ದಿನಾ ನೋಡುತ್ತಿದ್ದೆ" ಅಂತ ಆ ಮುದುಕರು ಹೇಳಿದರು. ತುಂಡು ಮುಗಿದು ಪರದೆ ಕಪ್ಪಾಯಿತು.

ಮಾವ ಸ್ವಲ್ಪ ಹೊತ್ತು ಹಾಗೇ ಇದ್ದರು. ಆಮೇಲೆ, "ಇನ್ನೊಂದ್ಸಲ ಹಾಕು," ಅಂದರು. "ಆ ಹೆಂಗಸು ಕೇಳೋ ಕಡೆಯಿಂದ."